ಅಪ್ಪನ ಪಿಂಚಣಿ, ಮಗಳ ಸಾಲ, ನಿಮ್ಮ ಪಿಎಫ್: ಮೂರನ್ನೂ ಬೆರೆಸದೆ ನಿಭಾಯಿಸುವುದು ಹೇಗೆ

ಐವತ್ತರ ಆಸುಪಾಸಿನಲ್ಲಿ ಒಂದು ಕಡೆ ಎಪ್ಪತ್ತೈದು ದಾಟಿದ ಅಪ್ಪ-ಅಮ್ಮ, ಇನ್ನೊಂದು ಕಡೆ ಓದು ಮುಗಿಸಿಯೂ ಕಾಲೂರದ ಮಕ್ಕಳು. ಎಲ್ಲರ ಖರ್ಚೂ ನಿಮ್ಮ ಒಂದೇ ಸಂಬಳದ ಖಾತೆಯಿಂದ ಹೋಗುತ್ತಿದ್ದರೆ ಯಾರಿಗೆ ಎಷ್ಟು ಹೋಯಿತೆಂದು ತಿಳಿಯುವುದಿಲ್ಲ. ಕೊನೆಗೆ ಕರಗುವುದು ನಿಮ್ಮ ಪಿಎಫ್. ಹೆತ್ತವರ ಆರೈಕೆಗೆ ಮೊದಲು ಹೆತ್ತವರ ಹಣ, ಮಕ್ಕಳ ಓದಿಗೆ ಮಕ್ಕಳೇ ತೀರಿಸುವ ಸಾಲ, ಕಡಿಮೆ ಬಿದ್ದರೆ ಮಾತ್ರ ನಿಮ್ಮ ಕೈಯ ದುಡ್ಡು. ಅಪ್ಪನ ದುಡ್ಡು ಮುಟ್ಟಬಾರದೆಂಬ ಸಂಕೋಚದಲ್ಲಿ ಅವರ ಎಫ್‌ಡಿ ಹಾಗೇ ಬಿಟ್ಟು ಕ್ರೆಡಿಟ್ ಕಾರ್ಡಿನಲ್ಲಿ ಆಸ್ಪತ್ರೆ ಬಿಲ್ ಕಟ್ಟುವುದು ನೋಡಲು ಮರ್ಯಾದೆ, ಲೆಕ್ಕದಲ್ಲಿ ದಡ್ಡತನ.

ಕಾಗದಪತ್ರ ಮೊದಲು

"ಅಪ್ಪಾ, ನಿಮ್ಮ ಎಫ್‌ಡಿ ಎಲ್ಲೆಲ್ಲಿದೆ ಹೇಳಿ" ಅಂತ ಶುರು ಮಾಡಿದರೆ ಆಸ್ತಿ ಕೇಳಲು ಬಂದಿದ್ದಾನೆ ಎಂದೇ ಕಿವಿಗೆ ಬೀಳುತ್ತದೆ. "ನನ್ನ ನಾಮಿನಿ ಬದಲಿಸೋಕೆ ನಾಳೆ ಬ್ಯಾಂಕಿಗೆ ಹೋಗ್ತಿದೀನಪ್ಪಾ, ನಿಮ್ಮದನ್ನೂ ಒಂದ್ಸಲ ನೋಡಿಸಿಬಿಡೋಣ" ಅಂದರೆ ಜೊತೆಗೆ ಬರುತ್ತಾರೆ.

ಬ್ಯಾಂಕಿನಲ್ಲಿ ಮಾಡಿಸಬೇಕಾದದ್ದು ಎರಡು. ಒಂದು, ಅವರ ಖಾತೆಯನ್ನು 'ಐದರ್ ಆರ್ ಸರ್ವೈವರ್' (ಇಬ್ಬರಲ್ಲಿ ಯಾರಾದರೂ, ಒಬ್ಬರು ತೀರಿಕೊಂಡರೆ ಉಳಿದವರು ನಡೆಸಬಹುದಾದ) ಜಂಟಿ ಖಾತೆ ಮಾಡಿ ನಿಮ್ಮ ಹೆಸರು ಸೇರಿಸುವುದು. ಎಫ್‌ಡಿಗಳಿಗೂ ಹೀಗೇ ಮಾಡಿಸಿ. ಜೊತೆಗೆ, ಒಬ್ಬರು ತೀರಿಕೊಂಡರೆ ಉಳಿದವರು ಅವಧಿಗೆ ಮುನ್ನ ಮುರಿಸಬಹುದು ಎಂಬ ಒಪ್ಪಿಗೆಯನ್ನೂ ಬರೆದುಕೊಡಿ. ಈ ಒಪ್ಪಿಗೆ ಇಲ್ಲದೆ ಅವಧಿ ಮುಗಿಯುವ ತನಕ ಕಾದು ಕೂತವರಿದ್ದಾರೆ. ಎರಡು, ನಾಮಿನಿ. 2025ರ ನವೆಂಬರ್ 1ರಿಂದ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಆದರೆ ನಾಮಿನಿ ಹಣದ ಒಡೆಯನಲ್ಲ, ವಾರಸುದಾರರಿಗಾಗಿ ಪಡೆದಿಟ್ಟುಕೊಳ್ಳುವವನು ಅಷ್ಟೇ. ಯಾರಿಗೆ ಎಷ್ಟು ಎಂಬುದಕ್ಕೆ ವಿಲ್ ಬೇಕು. ಅದಕ್ಕೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ (ಮಾಡಿಸಿದರೆ ಒಳ್ಳೆಯದು). ಆದರೆ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ಪಾಲು ಬರುವವರನ್ನು ಸಾಕ್ಷಿಗೆ ಹಾಕಬೇಡಿ. ವಯಸ್ಸು ಎಂಬತ್ತು ದಾಟಿದ್ದರೆ ಅದೇ ದಿನಾಂಕದ ವೈದ್ಯರ ಪ್ರಮಾಣಪತ್ರ ಜೊತೆಗಿಡಿ. ಮುಂದೆ ಯಾರಾದರೂ 'ಅವರಿಗೆ ಬುದ್ಧಿ ನೆಟ್ಟಗಿರಲಿಲ್ಲ' ಅಂದರೆ ಅದೇ ಉತ್ತರ.

ಪವರ್ ಆಫ್ ಅಟಾರ್ನಿ (ತಮ್ಮ ಪರವಾಗಿ ವ್ಯವಹರಿಸಲು ಬರೆದುಕೊಡುವ ಅಧಿಕಾರಪತ್ರ) ಇದೆಯಲ್ಲ ಎಂದು ನಿಶ್ಚಿಂತರಾಗಿರುವವರು ಬಹಳ ಮಂದಿ. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ನಮ್ಮ ಕಾನೂನಿನಲ್ಲಿ ಅದು ಬಿದ್ದುಹೋಗುತ್ತದೆ. ಮರೆವಿನ ಕಾಯಿಲೆ ಬಂದು ಅದು ನಿಜವಾಗಿ ಬೇಕಾದಾಗಲೇ ಕೈಕೊಡುತ್ತದೆ, ಆಮೇಲೆ ಕೋರ್ಟಿನ ದಾರಿ. ಪಾರ್ಶ್ವವಾಯುವಿನಿಂದ ಕೈ ಮಾತ್ರ ಬಿದ್ದಿದ್ದರೆ ಹೆದರಬೇಕಿಲ್ಲ: ಇಬ್ಬರು ಸಾಕ್ಷಿಗಳ ಎದುರು, ಅವರಲ್ಲೊಬ್ಬರು ಬ್ಯಾಂಕಿನ ಅಧಿಕಾರಿ, ಹೆಬ್ಬೆಟ್ಟು ಒತ್ತಿಸಿ ಹಣ ತೆಗೆಯಲು ರಿಸರ್ವ್ ಬ್ಯಾಂಕ್ ನಿಯಮದಲ್ಲೇ ಅವಕಾಶವಿದೆ.

ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡುವ ಆತುರ ಬೇಡ. ಮಾಡಲೇಬೇಕಿದ್ದರೆ 'ಕೊನೆಯವರೆಗೆ ನೋಡಿಕೊಳ್ಳತಕ್ಕದ್ದು' ಎಂಬ ಷರತ್ತು ಪತ್ರದಲ್ಲೇ ಇರಲಿ; 2007ರ ಹಿರಿಯ ನಾಗರಿಕರ ಕಾಯ್ದೆಯಡಿ ದಾನ ರದ್ದು ಮಾಡಿಸಲು ಅದೇ ಆಧಾರ. ಊರಿನ ಪಹಣಿ ಇನ್ನೂ ತಾತನ ಹೆಸರಿನಲ್ಲಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಯಲ್ಲಿ ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸಿ. ವಂಶವೃಕ್ಷ ಹೇಳಬಲ್ಲವರು ಇರುವಾಗಲೇ.

ಸರ್ಕಾರಿ ಪಿಂಚಣಿಗೆ ಪ್ರತಿ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕು. ಕೇಂದ್ರದ ಪಿಂಚಣಿದಾರರಲ್ಲಿ ಎಂಬತ್ತು ದಾಟಿದವರು ಅಕ್ಟೋಬರಿನಿಂದಲೇ ಕೊಡಬಹುದು. ಬೆರಳಚ್ಚು ಸವೆದು ಯಂತ್ರ ಒಪ್ಪದಿದ್ದರೆ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ಕಿಟಕಿಯ ಬೆಳಕು ಬೆನ್ನಿಗಲ್ಲ, ಮುಖಕ್ಕೆ ಬೀಳುವಂತೆ ಕೂರಿಸಿ.

ಬಚ್ಚಲು ಮತ್ತು ಮಾತ್ರೆ

ಬಚ್ಚಲಲ್ಲಿ ಜಾರಿ ಸೊಂಟ ಮುರಿದರೆ ಮನೆಯ ಇಡೀ ಲೆಕ್ಕಾಚಾರವೇ ಬದಲಾಗುತ್ತದೆ. ಕಮೋಡಿನ ಪಕ್ಕ, ಸ್ನಾನದ ಜಾಗದಲ್ಲಿ ನೆಲದಿಂದ ಎರಡೂವರೆಯಿಂದ ಮೂರು ಅಡಿ ಎತ್ತರಕ್ಕೆ ಸ್ಟೀಲ್ ಹಿಡಿಕೆ ಹಾಕಿಸಿ. ಗೋಡೆ ಕೊರೆದು ಆಂಕರ್ ಬೋಲ್ಟಿನಲ್ಲಿ ಬಿಗಿಸಿದ್ದೇ ಆಗಬೇಕು. ರಬ್ಬರ್ ಕಪ್ಪಿನಲ್ಲಿ ಗೋಡೆಗೆ ಅಂಟುವ ಹಿಡಿಕೆ ಮೈಭಾರ ಬಿದ್ದಾಗ ಕಳಚುತ್ತದೆ, ಟವೆಲ್ ರಾಡ್ ಅಂತೂ ಲೆಕ್ಕಕ್ಕೇ ಇಲ್ಲ. ಬಾಗಿಲು ಹೊರಕ್ಕೆ ತೆರೆಯುವಂತೆ ತಿರುಗಿಸಿ ಹಾಕಿಸಿ. ಒಳಕ್ಕೆ ತೆರೆಯುವ ಬಾಗಿಲಿಗೆ ಬಿದ್ದವರೇ ಅಡ್ಡವಾಗುತ್ತಾರೆ. ಒಳಚಿಲಕ ತೆಗೆಸಿ, ಹೊರಗಿನಿಂದಲೂ ತೆರೆಯಬಹುದಾದ ಲಾಕ್ ಹಾಕಿಸಿ. ಮಂಚದಿಂದ ಬಚ್ಚಲಿನವರೆಗೆ ರಾತ್ರಿ ಸಣ್ಣ ದೀಪ ಉರಿಯಲಿ.

ಮಾತ್ರೆಗಳಲ್ಲಿ ಬ್ರ್ಯಾಂಡ್ ಹೆಸರಲ್ಲ, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಓದಿ. ಊರಿನ ಡಾಕ್ಟರು ಬರೆದ ಟೆಲ್ಮಾ, ನಗರದ ಡಾಕ್ಟರು ಬರೆದ ಟೆಲ್ಮಿಕೈಂಡ್ ಎರಡರಲ್ಲೂ ಇರುವುದು ಟೆಲ್ಮಿಸಾರ್ಟನ್. ಎರಡನ್ನೂ ನುಂಗಿದರೆ ಬಿಪಿ ಇಳಿದು, ರಾತ್ರಿ ಎದ್ದಾಗ ತಲೆ ಸುತ್ತಿ ಬೀಳುತ್ತಾರೆ. ಎಲ್ಲ ಮಾತ್ರೆಗಳ ಔಷಧದ ಹೆಸರು, ಮಿಲಿಗ್ರಾಂ, ಹೊತ್ತು ಬರೆದ ಒಂದೇ ಹಾಳೆ ಪ್ರತಿ ಡಾಕ್ಟರಿಗೂ ತೋರಿಸುವಂತಿರಲಿ.

ವಿಮೆ

ನಿಮ್ಮ ಫ್ಯಾಮಿಲಿ ಫ್ಲೋಟರಿಗೆ (ಮನೆಯವರೆಲ್ಲ ಒಂದೇ ಮೊತ್ತ ಹಂಚಿಕೊಳ್ಳುವ ಆರೋಗ್ಯ ವಿಮೆ) ಅಪ್ಪ-ಅಮ್ಮನನ್ನು ಸೇರಿಸಬೇಡಿ. ಪ್ರೀಮಿಯಂ ಸಾಮಾನ್ಯವಾಗಿ ಅತಿ ಹಿರಿಯರ ವಯಸ್ಸಿಗೆ ಲೆಕ್ಕವಾಗುತ್ತದೆ, ಅವರ ಒಂದು ಅಡ್ಮಿಷನ್ನಿಗೇ ಎಲ್ಲರ ಮೊತ್ತ ಖಾಲಿಯಾಗುತ್ತದೆ. ಅವರಿಗೆ ಬೇರೆ ಪಾಲಿಸಿ ಇರಲಿ, ಬಿಪಿ-ಶುಗರ್ ಮುಚ್ಚಿಡಬೇಡಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಈಗ ಹೆಚ್ಚೆಂದರೆ 3 ವರ್ಷ. ಎಪ್ಪತ್ತು ದಾಟಿದವರಿಗೆ ಆದಾಯ ನೋಡದೆ ಕೊಡುವ ಆಯುಷ್ಮಾನ್ ವಯ ವಂದನಾ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ಇದೆ. ಗಂಡ-ಹೆಂಡತಿ ಇಬ್ಬರಿಗೂ ಸೇರಿ. ಹತ್ತಿರದ ಯಾವ ಆಸ್ಪತ್ರೆ ಅದನ್ನು ಒಪ್ಪುತ್ತದೆಂದು ಈಗಲೇ ಕೇಳಿಟ್ಟುಕೊಳ್ಳಿ, ಆಂಬುಲೆನ್ಸಿನಲ್ಲಿ ಕೂತು ಕೇಳುವುದಲ್ಲ. ಮಕ್ಕಳು 25ಕ್ಕೆ ಬಹುತೇಕ ಫ್ಲೋಟರುಗಳಿಂದ ಹೊರಬೀಳುತ್ತಾರೆ. ಆ ವರ್ಷ ನವೀಕರಣಕ್ಕೆ ಒಂದೂವರೆ ತಿಂಗಳು ಮೊದಲೇ ಅವರ ಹೆಸರಿಗೆ ಪಾಲಿಸಿ ಬೇರ್ಪಡಿಸಲು ಅರ್ಜಿ ಕೊಡಿ.

ಮಕ್ಕಳ ವಿಷಯ

ಶಿಕ್ಷಣ ಸಾಲದಲ್ಲಿ ನೀವು ಸಹ-ಸಾಲಗಾರರು, ಬರೀ ಸಾಕ್ಷಿಯಲ್ಲ. ಮಗಳು ಕಂತು ತಪ್ಪಿಸಿದರೆ ನಿಮ್ಮ ಸಿಬಿಲ್ ಅಂಕವೂ (ಸಾಲ ಕೊಡುವ ಮುನ್ನ ಬ್ಯಾಂಕು ನೋಡುವ ಅಂಕ) ಇಳಿಯುತ್ತದೆ. ಕಂತು ಅವಳ ಖಾತೆಯಿಂದಲೇ ಹೋಗಲಿ, ಎಸ್‌ಎಂಎಸ್ ನಿಮಗೂ ಬರಲಿ. ಓದುವಾಗ ಕಂತಿಲ್ಲದಿದ್ದರೂ ಬಡ್ಡಿ ಬೆಳೆಯುತ್ತಿರುತ್ತದೆ: 10 ಲಕ್ಷಕ್ಕೆ ಶೇ. 10ರಂತೆ ತಿಂಗಳಿಗೆ ಸುಮಾರು 8,300 ರೂಪಾಯಿ. ಸಹಾಯ ಮಾಡುವ ಮನಸ್ಸಿದ್ದರೆ ಈ ಬಡ್ಡಿ ಕಟ್ಟಿ, ಅಸಲು ಅವಳಿಗೆ ಬಿಡಿ.

ಕೆಲಸ ಹುಡುಕುತ್ತಿರುವ ಮಗನಿಗೆ ಕೇಳಿದಾಗೆಲ್ಲ ಕೊಡುವುದಕ್ಕಿಂತ ತಿಂಗಳಿಗೆ ಇಷ್ಟು, ಆರು ತಿಂಗಳಿಗೆ ಮತ್ತೆ ಕೂತು ಮಾತಾಡೋಣ ಎಂದು ಹೇಳಿ ಕೊಡಿ. ದುಡಿಯುತ್ತ ಮನೆಯಲ್ಲೇ ಇರುವವರಿಗೆ 'ಮನೆಗೆ ಏನಾದರೂ ಕೊಡು' ಅಂದರೆ ಏನೂ ಬರುವುದಿಲ್ಲ. ಕರೆಂಟ್ ಬಿಲ್ಲು, ಅಜ್ಜಿಯ ಮಾತ್ರೆ ಎಂದು ಹೆಸರಿಟ್ಟು ವಹಿಸಿ. ಅಜ್ಜಿಯ ಮಾತ್ರೆ ತರುವ ಮೊಮ್ಮಗನಿಗೆ ಮನೆಯ ಖರ್ಚಿನ ಅಂದಾಜೂ ಸಿಗುತ್ತದೆ.

ಒಡಹುಟ್ಟಿದವರು

ಒಬ್ಬರು ಕೈಯಾರೆ ನೋಡಿಕೊಳ್ಳುವುದು, ಉಳಿದವರು ದೂರದಿಂದ ಸಲಹೆ ಕಳಿಸುವುದು ಸಾಮಾನ್ಯ ಕಥೆ. ಪ್ರತಿ ತಿಂಗಳು 1ರಂದು ಔಷಧಿ, ಆಯಾ ಸಂಬಳ, ಆಟೋ ಖರ್ಚಿನ ಲೆಕ್ಕವನ್ನು ಬಿಲ್ಲಿನ ಫೋಟೋ ಸಮೇತ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, ಯಾರೂ ಕೇಳದಿದ್ದರೂ. ಹಣ ಕಳಿಸುವ ತಮ್ಮ ದುಬೈಯಲ್ಲಿದ್ದರೂ ಸರಿ, ವರ್ಷಕ್ಕೆ ಎರಡು ವಾರ ಬಂದು ಅಪ್ಪ-ಅಮ್ಮನ ಜೊತೆ ತಾನೇ ಇರಬೇಕು ಎಂದು ಮೊದಲೇ ಮಾತಾಗಲಿ. ಆ ಎರಡು ವಾರ ನೋಡಿಕೊಳ್ಳುವವರು ಮನೆಯಲ್ಲಿ ಇರಲೇಬಾರದು. ಇದ್ದರೆ ಬಂದವರು ಅತಿಥಿಯಾಗಿಬಿಡುತ್ತಾರೆ, ಕಾಫಿ ಮಾಡುವ ಕೆಲಸ ಇನ್ನೊಂದು ಹೆಚ್ಚುತ್ತದೆ.