ಸೋಮವಾರ ನಾನು ಓಡುವುದಿಲ್ಲ

ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಗಂಡಸರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಮೊದಲ ಸಲ ಟೈಮಿಟ್ಟು ಓಡಿದಾಗ ನನಗೆ 7 ನಿಮಿಷ 20 ಸೆಕೆಂಡು ಹಿಡಿಯಿತು. ಇನ್ನೂ 50 ಸೆಕೆಂಡು ಇಳಿಸಬೇಕು. ದಿನಾ ಓಡಿದರೆ ತಾನೇ ಇಳಿಯುತ್ತದೆ ಅಂದುಕೊಂಡೆ. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ನಸುಕಿನ ಐದಕ್ಕೆಲ್ಲ ಹೋಗುತ್ತಿದ್ದೆ. 47 ದಿನ, ಒಂದು ದಿನವೂ ತಪ್ಪಿಸಲಿಲ್ಲ.

ಮೂರು ವಾರದಲ್ಲಿ 6:48ಕ್ಕೆ ಬಂದೆ. ಆಮೇಲೆ ಅಲ್ಲೇ ನಿಂತಿತು. ಐದನೇ ವಾರ 6:55! ಮೈ ಮುರಿದು ಓಡಿದರೂ ಸಮಯ ಹಿಂದಕ್ಕೆ ಹೋಗುತ್ತಿದ್ದರೆ ಹೊಟ್ಟೆಯೊಳಗೆ ಸಂಕಟ ಆಗುತ್ತದೆ. ಇನ್ನೂ ಎರಡು ಸುತ್ತು ಹೆಚ್ಚಿಸಿದೆ.

ಎಡಗಾಲಿನ ನೋವು ಶುರುವಾಗಿದ್ದು ಆಗಲೇ. ಮೊದಮೊದಲು ಕಣಕಾಲ ಎಲುಬಿನ ಒಳಅಂಚಿನ ಉದ್ದಕ್ಕೂ ಗೇಣಗಲ ನೋವು, ನಾಲ್ಕು ಹೆಜ್ಜೆ ಓಡಿ ಮೈ ಕಾದರೆ ಮಾಯ. ಎರಡು ವಾರದಲ್ಲಿ ಅದು ಒಂದೇ ಜಾಗಕ್ಕೆ ಬಂದು ಕೂತಿತು. ಹರಡಿನಿಂದ ನಾಲ್ಕು ಬೆರಳು ಮೇಲೆ ಹೆಬ್ಬೆರಳು ಒತ್ತಿದರೆ ಕಣ್ಣಲ್ಲಿ ನೀರು. ರಾತ್ರಿ ಸುಮ್ಮನೆ ಮಲಗಿದಾಗಲೂ ಅಲ್ಲಿ ಮಿಡಿಯುತ್ತಿತ್ತು. ಹರಡಿಕೊಂಡ ನೋವು ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಬಂದರೆ ಓಟ ಅವತ್ತೇ ನಿಲ್ಲಿಸಬೇಕು. ಇದು ನನಗೆ ಆಗ ಗೊತ್ತಿರಲಿಲ್ಲ.

ಎಕ್ಸ್‌-ರೇಯಲ್ಲಿ ಏನೂ ಕಾಣಲಿಲ್ಲ. ಆದರೆ ಎಲುಬಿನಲ್ಲಿ ಬೀಳುವ ಇಂಥ ಕೂದಲೆಳೆ ಬಿರುಕು ಮೊದಲ ಕೆಲವು ವಾರ ಎಕ್ಸ್‌-ರೇಗೆ ಸಿಗುವುದು ಕಡಿಮೆ. ಪೆಟ್ಟು ತಿಂದ ಎಲುಬನ್ನು ದೇಹ ಮೊದಲು ಕರಗಿಸುತ್ತದೆ, ಹೊಸದನ್ನು ಕಟ್ಟುವುದು ಆಮೇಲೆ, ನಿಧಾನವಾಗಿ. ನೀನು ಕಟ್ಟಲು ಬಿಡುತ್ತಲೇ ಇಲ್ಲ ಎಂದರು ಡಾಕ್ಟರು. ಆರು ವಾರ ಓಟ ಬಂದ್.

ಆಳಂದ ತಾಲ್ಲೂಕಿನ ನಮ್ಮೂರಿಗೆ ಹೋದೆ. ಕುಂಟುತ್ತಾ ಅಂಗಳಕ್ಕೆ ಬಂದವನನ್ನು ನೋಡಿ ಅಪ್ಪ, "ಸೋಮವಾರ ನಾವು ಎತ್ತಿಗಿ ನೊಗ ಇಡಂಗಿಲ್ಲ. ನಿನ್ನ ಕಾಲಿಗಿ ಯಾಕ ಸೋಮವಾರ ಇಲ್ಲೋ?" ಅಂದ. ಉತ್ತರ ಹೇಳಲು ಬಾಯಿ ಬರಲಿಲ್ಲ.

ವಾಪಸ್ ಬಂದ ಮೇಲೆ ವಾರದ ಪಟ್ಟಿಯಲ್ಲಿ ಮೊದಲು ಬರೆದದ್ದೇ ಸೋಮವಾರದ ರಜೆ. ಗುರುವಾರ ಬರೀ ಅರ್ಧ ಗಂಟೆ ನಡಿಗೆ. 400 ಮೀಟರಿನ ಬಿರುಸಿನ ಓಟ ಮಂಗಳವಾರ ಮತ್ತು ಶುಕ್ರವಾರ ಮಾತ್ರ, ಉಳಿದ ದಿನ ಮಾತಾಡುತ್ತಾ ಓಡುವಷ್ಟು ನಿಧಾನ.

ರಜೆ ಅಂದರೆ ರಜೆ. ಮೊದಲ ಸೋಮವಾರ ಗೆಳೆಯರು ಕರೆದರೆಂದು ವಾಲಿಬಾಲ್ ಆಡಿದೆ, ಮಂಗಳವಾರ ಕಾಲು ಕಲ್ಲಾಗಿತ್ತು. ಖಾಲಿಯಾದ ಸ್ನಾಯುವಿನಲ್ಲಿ ಶಕ್ತಿ ಮತ್ತೆ ತುಂಬಿಕೊಳ್ಳಲು ಸುಮಾರು ಒಂದು ದಿನ ಬೇಕು, ಅದೂ ಹೊಟ್ಟೆ ತುಂಬ ಉಂಡರೆ. ಅದಕ್ಕೇ ಅವತ್ತು ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಶೇಂಗಾ ಹಿಂಡಿ ಒಂದನ್ನೂ ಕಡಿಮೆ ಮಾಡುವುದಿಲ್ಲ. ಮಧ್ಯಾಹ್ನ ಒಂದು ನಿದ್ದೆ.

ಇನ್ನೊಂದು ರೂಢಿ, ನನಗೆ ಇದೇ ಎಲ್ಲಕ್ಕಿಂತ ಹೆಚ್ಚು ಉಪಯೋಗವಾಯಿತು. ಎದ್ದ ಕೂಡಲೇ ಹಾಸಿಗೆಯಲ್ಲೇ ಒಂದು ನಿಮಿಷ ನಾಡಿ ಎಣಿಸಿ ಬರೆದಿಡುತ್ತೇನೆ. ನನ್ನದು ಸಾಮಾನ್ಯವಾಗಿ 56. ಅದು 64 ದಾಟಿದ್ದರೆ ಮೈ ಇನ್ನೂ ಸುಧಾರಿಸಿಕೊಂಡಿಲ್ಲ ಎಂದು ಅವತ್ತು ಬೂಟು ಹಾಕುವುದಿಲ್ಲ. ಬಿಸಿಲು 42 ಡಿಗ್ರಿ ದಾಟುವ ಮೇ ತಿಂಗಳಲ್ಲಿ ರಾತ್ರಿ ಸೆಕೆಗೆ ನಿದ್ದೆಯೇ ಹತ್ತುವುದಿಲ್ಲ, ಆಗ ವಾರಕ್ಕೆ ಮೂರು ದಿನವೂ ಹೀಗಾಗಿದ್ದುಂಟು.

ಹೊಸ ಪಟ್ಟಿ ಶುರುವಾದ ಹತ್ತನೇ ವಾರದ ಮಂಗಳವಾರ, ಸೋಮವಾರ ಪೂರ್ತಿ ಮಲಗಿ ಎದ್ದವನು, 1600 ಮೀಟರನ್ನು 6 ನಿಮಿಷ 14 ಸೆಕೆಂಡಿಗೆ ಮುಗಿಸಿದೆ. ಕೂತು ಹೆಬ್ಬೆರಳಿನಿಂದ ಅದೇ ಜಾಗ ಒತ್ತಿ ನೋಡಿದೆ. ನೋವಿರಲಿಲ್ಲ.