ಮಗುವಿಗೆ ನಿಜವಾಗಿ ಮೆಳ್ಳೆಗಣ್ಣಾ? ಹೀಗೆ ನೋಡಿ

ಉಡುಪಿಯ ನಮ್ಮ ಕಣ್ಣಿನ ಕ್ಲಿನಿಕ್‌ಗೆ ಬರುವ ಅಮ್ಮಂದಿರಿಗೆ ನಾನು ಮೊದಲು ಕೇಳುವುದು ಫೋಟೋ. ಮಗು ನೇರ ಕ್ಯಾಮೆರಾ ನೋಡುವಾಗ ಫ್ಲ್ಯಾಶ್ ಹಾಕಿ ತೆಗೆಯಿರಿ, ತಲೆ ವಾಲಿರಬಾರದು. ದೊಡ್ಡದು ಮಾಡಿ ನೋಡಿ. ಬೆಳಕಿನ ಚುಕ್ಕೆ ಎರಡೂ ಪಾಪೆಯಲ್ಲಿ ಒಂದೇ ಜಾಗದಲ್ಲಿದೆಯಾ? ಹಾಗಾದರೆ ಹೆಚ್ಚಾಗಿ ಕಣ್ಣು ನೆಟ್ಟಗೇ ಇದೆ. ಮೂಗಿನ ಬುಡ ಚಪ್ಪಟೆ, ಪಕ್ಕದ ಚರ್ಮದ ಮಡಿಕೆ ಕಣ್ಣಿನ ಬಿಳಿಭಾಗ ಮುಚ್ಚಿರುವುದರಿಂದ ಮೆಳ್ಳೆಯಂತೆ ಕಾಣುತ್ತದೆ, ಅಷ್ಟೆ. ಆ ಚರ್ಮ ಮೆಲ್ಲ ಚಿವುಟಿ ಹಿಡಿದರೆ ಮೆಳ್ಳೆ ಮಾಯ.

ಚುಕ್ಕೆ ಒಂದರಲ್ಲಿ ಪಕ್ಕಕ್ಕೆ ಸರಿದಿದ್ದರೆ, ಅಥವಾ 4 ತಿಂಗಳು ದಾಟಿದ ಮೇಲೂ ಸುಸ್ತಾದಾಗ ಕಣ್ಣು ಓರೆಯಾದರೆ, ಅಜ್ಜಿ "ದೊಡ್ಡವನಾದಾಗ ಸರಿಯಾಗ್ತದೆ ಮಗಾ" ಅಂದರೂ ಕಾಯಬೇಡಿ. ನಿಜವಾದ ಮೆಳ್ಳೆಯಲ್ಲಿ ಆ ಕಣ್ಣಿನ ದೃಷ್ಟಿಯೇ ಮಂಕಾಗಬಹುದು. ಫೋಟೋದಲ್ಲಿ ಪಾಪೆ ಬೆಳ್ಳಗೆ ಹೊಳೆದರಂತೂ ತಡ ಮಾಡದೆ ಡಾಕ್ಟರಿಗೆ ತೋರಿಸಿ.