ಒಸಾಕಾದಲ್ಲಿ ಒಂದು ದಿನ, ಮೀನು ಮುಟ್ಟದೆ

ಮೂರನೇ ಸಲಕ್ಕೆ ಗೆದ್ದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಒಸಾಕಾ ಸುತ್ತಿ, ಹೊಟ್ಟೆ ತುಂಬ ತಿಂದು, ಮೀನು ಮಾಂಸ ಮುಟ್ಟದೆ ಕೋಬೆಗೆ ವಾಪಸ್ ಬಂದೆ. ಕೋಬೆಯಿಂದ ಹೋಗಿಬರುವ ರೈಲು ಬಿಟ್ಟರೆ ಖರ್ಚು ಸುಮಾರು 3,500 ಯೆನ್. "ಬ್ರೆಡ್ಡು ಬಾಳೆಹಣ್ಣು ಕಟ್ಕೊಂಡು ಹೋಗಪ್ಪಾ" ಅಂತ ಆಫೀಸಿನ ಕನ್ನಡದ ಗೆಳೆಯರು ನಕ್ಕಿದ್ದರು. ಅವರಲ್ಲೊಬ್ಬನನ್ನು ಸಾಕ್ಷಿಗೆ ಅಂತಲೇ ಎಳೆದುಕೊಂಡು ಹೋಗಿದ್ದೆ. ನಾನು ಮೊಟ್ಟೆ ತಿನ್ನುತ್ತೇನೆ, ಅದನ್ನು ಮೊದಲೇ ಹೇಳಿಬಿಡ್ತೀನಿ.

ಮೊದಲ ಸಲ ಊರಿನ ನೋಡುವ ಜಾಗಗಳಿಗೆಲ್ಲ ಒಂದೇ ಟಿಕೆಟ್ ಆಗುವ ಪಾಸ್ ಕೊಂಡು ಕೆಟ್ಟೆ. 3,000 ಯೆನ್ ಚಿಲ್ಲರೆ ಕೊಟ್ಟಮೇಲೆ ವಸೂಲಿ ಮಾಡಲೇಬೇಕಲ್ವಾ? ಕೋಟೆಯ ಕ್ಯೂನಲ್ಲೇ ಒಂದೂವರೆ ಗಂಟೆ ಹೋಯಿತು. ಒಳಗೆ ಹೋದರೆ ಲಿಫ್ಟು! ಈಗಿರುವ ಗೋಪುರ 1931ರ ಕಾಂಕ್ರೀಟ್ ಕಟ್ಟಡ. ಹೊರಗಿನ ಕಂದಕ, ಕಲ್ಲಿನ ಗೋಡೆಗಳೇ ನೋಡಲು ಚೆಂದ, ಅವಕ್ಕೆ ಟಿಕೆಟ್ಟೂ ಇಲ್ಲ. ಮಧ್ಯಾಹ್ನ "ನಿಕು ನಾಶಿ" (ಮಾಂಸ ಬೇಡ) ಅಂತ ಹೇಳಿ ಕಿತ್ಸುನೆ ಉದೋನ್, ಅಂದರೆ ಸಾರಿನಲ್ಲಿ ದಪ್ಪ ನೂಡಲ್ಸ್, ತರಿಸಿಕೊಂಡೆ. ಮೇಲೆ ಕರಿದ ತೋಫು, ಮಾಂಸದ ಸುಳಿವಿಲ್ಲ, ಸಾರನ್ನು ಕೊನೇ ತೊಟ್ಟಿನವರೆಗೂ ಕುಡಿದೆ. ಆ ಸಾರೇ ಒಣಮೀನಿನದು ಅಂತ ಗೊತ್ತಾಗಿದ್ದು ವಾಪಸ್ ರೈಲಿನಲ್ಲಿ.

ಎರಡನೇ ಸಲ ಡೋತೊಂಬೊರಿಯಲ್ಲಿ ಆಕ್ಟೋಪಸ್ ಹಾಕದೆ ತಾಕೊಯಾಕಿ (ಪಡ್ಡಿನಂಥ ಉಂಡೆ) ಮಾಡಿಕೊಡಿ ಅಂದೆ. ತಾಕೊ ಅಂದರೇ ಆಕ್ಟೋಪಸ್. ಬದನೆಕಾಯಿ ಇಲ್ಲದ ಎಣ್ಣೆಗಾಯಿ ಕೇಳಿದ ಹಾಗೆ. ಅಂಗಡಿಯವನು ನಕ್ಕ, ಮಾಡಿಯೂ ಕೊಟ್ಟ, ಆದರೆ ಹಿಟ್ಟಿಗೇ ದಾಶಿ, ಅದೇ ಒಣಮೀನಿನ ಸಾರು, ಬೆರೆಸಿತ್ತು. 600 ಯೆನ್ ನೀರಿಗೆ.

ಮೂರನೇ ಸಲ ಪಾಸ್ ಬಿಟ್ಟೆ, ಕೋಟೆ ಬಿಟ್ಟೆ, ದಕ್ಷಿಣದ ಭಾಗ ಮಾತ್ರ ಹಿಡಿದೆ. ನಂಬಾದಿಂದ ನಾನ್ಕಾಯ್ ರೈಲಿನಲ್ಲಿ ಸುಮಿಯೋಶಿ ತಾಯ್ಶಾ ದೇವಸ್ಥಾನ. ಎಂಟು ಗಂಟೆಗೆ ಆ ಕೆಂಪು ಕಮಾನು ಸೇತುವೆ ಮೇಲೆ ನಾವಿಬ್ಬರೇ. ಪಕ್ಕದ ಪಾರ್ಕಿನಲ್ಲಿ ತಿಂಡಿ: ಬರೀ ಉಪ್ಪು ಹಾಕಿದ ಒನಿಗಿರಿ (ಅನ್ನದ ಉಂಡೆ), ಮೇಲೆ ಅಮ್ಮ ಕಳಿಸಿದ ಶೇಂಗಾ ಚಟ್ನಿಪುಡಿ. ಉಮೆಬೋಶಿ (ಹುಳಿ ಹಣ್ಣಿನ ಉಪ್ಪಿನಕಾಯಿ) ಒನಿಗಿರಿ ನಂಬಬೇಡಿ, ಎಷ್ಟೋ ಸಲ ಅದರಲ್ಲೂ ಮೀನಿನ ರುಚಿ ಸೇರಿಸಿರ್ತಾರೆ. ಲೇಬಲ್‌ನಲ್ಲಿ "ಕತ್ಸುಓ" (ಆ ಮೀನಿನ ಹೆಸರು) ಅನ್ನುವ ಮೂರು ಹಿರಾಗಾನಾ ಅಕ್ಷರ ಗುರುತು ಹಿಡಿಯೋದು ಕಲಿತರೆ ಅರ್ಧ ಕೆಲಸ ಮುಗಿದಂತೆ. ಚಟ್ನಿಪುಡಿಯನ್ನು ಸುಮ್ನೆ ಮಿತಾರಾಶಿ ದಾಂಗೊ ಅನ್ನುವ ಸಿಹಿ ಅಕ್ಕಿ ಉಂಡೆ ಮೇಲೂ ಹಾಕಿ ನೋಡಿದೆ. ಬೇಡ, ನೀವು ಮಾಡಬೇಡಿ.

ದೇವಸ್ಥಾನದ ಎದುರಿಂದಲೇ ಹಾನ್ಕಾಯ್ ಟ್ರಾಮ್, 200 ಚಿಲ್ಲರೆ ಯೆನ್‌ಗೆ ಮನೆಗಳ ಸಂದಿಯಲ್ಲಿ ಗಡಗಡ ಅಂತ ತೆನ್ನೋಜಿಗೆ ಬಿಡುತ್ತದೆ. ಅಲ್ಲಿ 300 ಮೀಟರ್ ಎತ್ತರದ ಹಾರುಕಾಸ್ ಕಟ್ಟಡ ಇದೆ. ತುದಿಗೆ ಹೋಗಲು ದುಡ್ಡು ಬೇಕು, 16ನೇ ಮಹಡಿಯ ತೋಟಕ್ಕೆ ಪುಕ್ಕಟೆ. ನನಗೆ ಅಷ್ಟೇ ಸಾಕಾಯಿತು. ಶಿತೆನ್ನೋಜಿಗೆ ನಡೆದೇ ಹೋದೆವು. 593ರಲ್ಲಿ ಶುರುವಾದ ದೇಗುಲ, ಸಾಧ್ಯವಾದರೆ 21ನೇ ತಾರೀಕು ಹೋಗಿ, ಪ್ರತಿ ತಿಂಗಳು ಅವತ್ತು ಹಳೇ ಸಾಮಾನಿನ ಸಂತೆ.

ಊಟ ಶಿನ್ಸೆಕಾಯ್‌ನಲ್ಲಿ, ಕುಶಿಕತ್ಸು, ಅಂದರೆ ಕಡ್ಡಿಗೆ ಚುಚ್ಚಿ ಕರಿದದ್ದು. ಕಮಲದ ದಂಟು, ಗೆಣಸು, ಈರುಳ್ಳಿ, ಚೀಸು, ಏಳೆಂಟು ಕಡ್ಡಿಗೆ 1,100 ಯೆನ್ ಇರಬೇಕು. ಎಲ್ಲರಿಗೂ ಒಂದೇ ಸಾಸ್ ಪಾತ್ರೆ ಇಡುತ್ತಿದ್ದಾಗ ಎರಡು ಸಲ ಅದ್ದಬಾರದು ಅನ್ನೋದು ಇಲ್ಲಿ ದೊಡ್ಡ ನಿಯಮ ಆಗಿತ್ತು. ಎಂಜಲಿನ ವಿಷಯ ನಮಗೆ ಹೇಳಿಕೊಡಬೇಕಾ? ಆದರೂ ನಾನು ಸಾಸ್ ಮುಟ್ಟಲ್ಲ, ಉಪ್ಪು ಕೇಳ್ತೀನಿ. ಎಣ್ಣೆ ಮಾತ್ರ ಮಾಂಸ ಕರಿದದ್ದೇ. ಅದು ಆಗಲ್ಲ ಅನ್ನುವವರಿಗೆ ಈ ಊಟ ಬೇಡ.

ಸಂಜೆ ನಂಬಾಕ್ಕೆ ನಡೆದು ಗ್ಲಿಕೊ ಮಿಠಾಯಿ ಕಂಪನಿಯ ಓಟಗಾರನ ಬೋರ್ಡ್ ಮುಂದೆ ಎಲ್ಲರ ಹಾಗೆ ಕೈ ಎತ್ತಿ ಫೋಟೊ ತೆಗೆಸಿಕೊಂಡೆವು. ಆಮೇಲೆ ಒಳಗಲ್ಲಿಯ ಒಂದು ಅಂಗಡಿಯಲ್ಲಿ ಮೋಚಿ (ಅಂಟು ಅಕ್ಕಿಯ ಮುದ್ದೆ) ಚೀಸ್ ಹಾಕಿದ ಒಕೊನೊಮಿಯಾಕಿ, ಎಲೆಕೋಸಿನ ದಪ್ಪ ದೋಸೆ ಅನ್ನಿ. ಆರೇ ಕುರ್ಚಿ, ಹಿಟ್ಟು ನಮ್ಮ ಕಣ್ಣೆದುರೇ ಕಲಸುತ್ತಾರೆ. ಅಲ್ಲಿ ಬಾಯಲ್ಲಿ ಹೇಳೋದಿಲ್ಲ, ಏನು ಹಾಕಬಾರದು ಅಂತ ಬರೆದ ಚೀಟಿ ತೋರಿಸ್ತೀನಿ. ಚೀಟಿಯಲ್ಲಿರೋದು ನಾಲ್ಕು ಸಾಲು, ಅದಕ್ಕೆ ಎರಡು ಟ್ರಿಪ್ ದುಡ್ಡು ಸುರಿದಿದ್ದೇನೆ, ಹಾಗಾಗಿ ಇಲ್ಲಿ ಬರೆಯಲ್ಲ. ಅಂಗಡಿಯ ಅಜ್ಜಿ ಓದಿ ತಲೆಯಾಡಿಸಿ ಬರೀ ನೀರಲ್ಲಿ ಕಲಸಿದರು.

ಗೆಳೆಯ ಮುಂದಿನ ಶನಿವಾರ ಒಬ್ಬನೇ ಅದೇ ಅಂಗಡಿಗೆ ಹೋಗಿ ಬಾಯಲ್ಲೇ ಹೇಳಿದನಂತೆ. ಒಕೊನೊಮಿಯಾಕಿ ಮೇಲೆ ಒಣಮೀನಿನ ತೆಳು ಹೆರೆ ಬಿಸಿಗೆ ಕುಣಿಯುತ್ತಾ ಬಂತಂತೆ. ಅಲ್ಲಿಂದಲೇ ಫೋನ್: "ಆ ಚೀಟಿದು ಫೋಟೊ ಕಳಿಸೋ ಮಾರಾಯ." ಇನ್ನೂ ಕಳಿಸಿಲ್ಲ.